ಮಾಲ್ಡೀವ್ಸ್‌ಗೆ ವೀಸಾ ಬೇಡ ಅಂತಾರೆ, ಹಾಗಾದರೆ ಏನೇನು ಬೇಕು?

ನೀವು ಕೇಳಿರುವುದು ಇಷ್ಟು: ಮುಂದಿನ ತಿಂಗಳು ಅಪ್ಪ, ಅಮ್ಮ, ಆರು ವರ್ಷದ ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಮಾಲ್ಡೀವ್ಸ್‌ಗೆ ಐದು ದಿನ ಹೊರಟಿದ್ದೀರಿ. ವೀಸಾ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ಏನೋ ಕೇಳಿ ವಾಪಸ್ ಕಳಿಸಿಬಿಟ್ಟರೆ? ಅಪ್ಪನ ಪಾಸ್‌ಪೋರ್ಟ್ ಮುಗಿಯೋಕೆ ಬೇರೆ ಇನ್ನು ನಾಲ್ಕೇ ತಿಂಗಳು.

ನಾನು ಕಳೆದ ವರ್ಷ ಅಮ್ಮ, ಹೆಂಡತಿ, ಮಗನ ಜೊತೆ ಹೋಗಿಬಂದೆ. ನನಗೂ ಇದೇ ಹೆದರಿಕೆ ಇತ್ತು.

ವೀಸಾ ಬೇಡ ಅನ್ನುವುದು ನಿಜ. 2018ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು, 2019ರ ಮಾರ್ಚ್ 11ರಿಂದ ಅದು ಜಾರಿಗೆ ಬಂತು. ಪ್ರವಾಸಕ್ಕೆ ಹೋಗುವ ನಮ್ಮವರು 90 ದಿನದವರೆಗೆ ವೀಸಾ ಇಲ್ಲದೆ ಇರಬಹುದು. ಅಲ್ಲಿ ಕೆಲಸ ಮಾಡುವಂತಿಲ್ಲ, ಅಷ್ಟೇ. ಆದರೆ ವೀಸಾ ಇರುವ ದೇಶಕ್ಕಾದರೆ ಎಂಬೆಸಿಯವರು ಮುಂಚೆಯೇ ನೋಡಿ ಮುಗಿಸುವ ಕಾಗದಪತ್ರವನ್ನು ಇಲ್ಲಿ ಕೌಂಟರ್‌ನಲ್ಲಿ ನಿಲ್ಲಿಸಿ ನೋಡುತ್ತಾರೆ. ಅದೂ ಅಲ್ಲಿನ ರಾಜಧಾನಿ ಮಾಲೆ ತಲುಪುವ ತನಕ ಕಾಯುವುದಿಲ್ಲ, ಬೆಂಗಳೂರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವಾಗಲೇ ಶುರು.

ನಮ್ಮನ್ನು ಕೇಳಿದ್ದು ಮೂರು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಮತ್ತೆ ಇಮುಗ ಅಂತ ಅಲ್ಲಿನ ಇಮಿಗ್ರೇಷನ್‌ನವರ ಆನ್‌ಲೈನ್ ಫಾರ್ಮ್ ತುಂಬಿದಾಗ ಸಿಗುವ ಕ್ಯೂಆರ್ ಕೋಡ್. ಖರ್ಚಿಗೆ ಸಾಕಾಗುವಷ್ಟು ದುಡ್ಡು ಇರಬೇಕು ಅಂತಲೂ ನಿಯಮ ಇದೆ. ನಮ್ಮನ್ನು ಯಾರೂ ಕೇಳಲಿಲ್ಲ, ಆದರೂ ಫಾರೆಕ್ಸ್ ಕಾರ್ಡ್ ಮತ್ತು ಸ್ವಲ್ಪ ಡಾಲರ್ ಕೈಯಲ್ಲಿ ಇಟ್ಟುಕೊಂಡಿದ್ದೆ. ನೇಪಾಳಕ್ಕೆ ಹೋದ ಹಾಗೆ ವೋಟರ್ ಐಡಿ ತೋರಿಸಿ ಹೋಗಲು ಆಗುವುದಿಲ್ಲ. ಮಗಳಿಗೂ ಅವಳದೇ ಪಾಸ್‌ಪೋರ್ಟ್ ಬೇಕು.

ಈ ಇಮುಗ ಫಾರ್ಮ್ ಬಗ್ಗೆ ಸ್ವಲ್ಪ ಹುಷಾರು. ವಿಮಾನಕ್ಕೆ 96 ಗಂಟೆ ಇದ್ದಾಗಿನಿಂದ ಮಾತ್ರ ತುಂಬಬಹುದು, ಅಂದರೆ ನಾಲ್ಕು ದಿನ ಮುಂಚೆ. ಒಬ್ಬೊಬ್ಬರಿಗೆ ಒಂದೊಂದು, ಮಕ್ಕಳಿಗೂ ಸೇರಿ. ವಾಪಸ್ ಬರುವಾಗ ಮತ್ತೆ ತುಂಬಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಇದು ಪೂರ್ತಿ ಬಿಟ್ಟಿ. ನಾನು ಗೂಗಲ್ ಮಾಡಿ ಮೊದಲು ಸಿಕ್ಕಿದ್ದನ್ನು ಒತ್ತಿದೆ. ನೋಡಲು ಥೇಟ್ ಸರ್ಕಾರಿ ಸೈಟ್ ಥರಾನೇ ಇತ್ತು. ಎಲ್ಲ ತುಂಬಿ ಆದಮೇಲೆ ಕಾರ್ಡ್ ನಂಬರ್ ಕೇಳಿತು. ಅಲ್ಲಿಗೇ ಮುಚ್ಚಿದೆ. ವಿಳಾಸದಲ್ಲಿ ‘ಡಾಟ್ ಗವ್ ಡಾಟ್ ಎಂವಿ’ ಇದೆಯಾ ನೋಡಿಕೊಳ್ಳಿ.

ಹೋಟೆಲ್ ವಿಷಯದಲ್ಲಿ ಒಂದು ರಾತ್ರಿಯೂ ಖಾಲಿ ಬಿಡಬೇಡಿ. ಒಂದು ದಿನಕ್ಕೆ ಮಾಡಿಸಿ, ಉಳಿದದ್ದು ಅಲ್ಲೇ ಹೋಗಿ ನೋಡೋಣ ಅನ್ನುವ ನಮ್ಮ ಗೋವಾ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದರಲ್ಲೂ ದೂರದ ರೆಸಾರ್ಟ್ ಆದರೆ ಸೀಪ್ಲೇನ್‌ನಲ್ಲಿ ಹೋಗಬೇಕು, ಅದು ಹಾರುವುದು ಬೆಳಕಿದ್ದಾಗ ಮಾತ್ರ. ನಿಮ್ಮ ವಿಮಾನ ಸಂಜೆ ಇಳಿಯುವುದಾದರೆ ಮೊದಲ ರಾತ್ರಿ ಹುಲುಮಾಲೆಯಲ್ಲಿ ಉಳಿಯಬೇಕಾಗುತ್ತದೆ. ಏರ್‌ಪೋರ್ಟ್‌ನಿಂದ ರಸ್ತೆಯಲ್ಲೇ ಹೋಗಬಹುದಾದ ಊರು. ಆ ರಾತ್ರಿಯ ಬುಕಿಂಗೂ ಕೈಯಲ್ಲಿರಲಿ. ನಾವು ಮಾಫುಶಿ ಅನ್ನುವ ದ್ವೀಪದ ಗೆಸ್ಟ್‌ಹೌಸ್‌ನಲ್ಲಿದ್ದೆವು. ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲಿ ಬೇಗ ಹೋಗಬಹುದು. ಸರ್ಕಾರಿ ಫೆರಿ ಅಗ್ಗ, ಆದರೆ ಶುಕ್ರವಾರ ಇರುವುದಿಲ್ಲ, ಅಲ್ಲಿಯವರಿಗೆ ಅದೇ ರಜೆ ದಿನ. ಗೆಸ್ಟ್‌ಹೌಸ್ ಬಿಲ್ಲಿನಲ್ಲಿ ಗ್ರೀನ್ ಟ್ಯಾಕ್ಸ್ ಅಂತ ಒಂದು ಸಾಲು ಬರುತ್ತದೆ. 2025ರಿಂದ ತಲೆಗೆ ದಿನಕ್ಕೆ ಸಣ್ಣ ಗೆಸ್ಟ್‌ಹೌಸ್‌ನಲ್ಲಿ 6 ಡಾಲರ್, ರೆಸಾರ್ಟ್‌ನಲ್ಲಿ 12. ಬುಕಿಂಗ್ ರೇಟಿನಲ್ಲಿ ಅದು ಸೇರಿದೆಯಾ ಕೇಳಿಟ್ಟುಕೊಳ್ಳಿ.

ಇಷ್ಟು ಇದ್ದರೆ ಇಮಿಗ್ರೇಷನ್ ಐದು ನಿಮಿಷ. ನಿಜವಾದ ತಲೆನೋವು ಬ್ಯಾಗಿನಲ್ಲಿ ಇರುತ್ತದೆ.

ಹೊರಡುವ ಹಿಂದಿನ ರಾತ್ರಿ ತೂಕ ನೋಡಲು ಅಮ್ಮನ ಬ್ಯಾಗ್ ತೆಗೆದೆ. ಚಟ್ನಿಪುಡಿ ಡಬ್ಬಿಯ ಪಕ್ಕದಲ್ಲಿ ಒಂದು ಅರಿಶಿನದ ಬಟ್ಟೆಯ ಗಂಟು. ಒಳಗೆ ಬೆಳ್ಳಿ ಗಣಪ, ಹೆಬ್ಬೆರಳಿನಷ್ಟು. ಕಾಶಿಗೂ ಅವನೇ, ಅಕ್ಕನ ಬಾಣಂತನಕ್ಕೆ ಪುಣೆಗೆ ಹೋದಾಗಲೂ ಅವನೇ. ಮಾಲ್ಡೀವ್ಸ್‌ಗೆ ಪೂಜೆಯ ವಿಗ್ರಹ ತರುವಂತಿಲ್ಲ, ಅಲ್ಲಿನ ಕಸ್ಟಮ್ಸ್ ಪಟ್ಟಿಯಲ್ಲೇ ಇದೆ. ಇಳಿದ ಮೇಲೆ ಪ್ರತಿ ಬ್ಯಾಗೂ ಎಕ್ಸ್‌ರೇಗೆ ಹೋಗುತ್ತದೆ. ಹೇಳಿದರೆ ಅಮ್ಮ, "ಹಾಗಾದರೆ ನೀವೇ ಹೋಗಿ ಬನ್ನಿ" ಅಂತ ಕೂತುಬಿಟ್ಟರು. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆ ಆಂಟಿ ಬಂದು, ಐದು ದಿನ ದೀಪ ಹಚ್ಚುವ ಜವಾಬ್ದಾರಿ ಹೊತ್ತು ಗಣಪನನ್ನು ತಗೊಂಡು ಹೋದ ಮೇಲೆ ರಾಜಿ ಆಯಿತು. ನಿಮ್ಮ ತಾಯಿಯವರಿಗೂ ಈ ಮಾತನ್ನು ಒಂದು ವಾರ ಮುಂಚೆಯೇ ಹೇಳಿ. ಅಮ್ಮನ ಕತ್ತಿನ ತಾಳಿ ಸರದ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಮದ್ಯವೂ ಹಾಗೇ. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಹೋಗುವಾಗ ಬಾಟಲಿ ಕೊಳ್ಳಬೇಡಿ. ಮಾಲೆಯಲ್ಲಿ ತೆಗೆದಿಟ್ಟುಕೊಂಡು ರಸೀದಿ ಕೊಡುತ್ತಾರೆ, ವಾಪಸ್ ಹೊರಡುವಾಗ ಕೊಡುತ್ತಾರೆ. ರೆಸಾರ್ಟ್‌ಗಳಲ್ಲಿ ಸಿಗುತ್ತದೆ, ಊರಿನ ಜನ ಇರುವ ದ್ವೀಪಗಳಲ್ಲಿ ಇಲ್ಲ. ಹಂದಿ ಮಾಂಸವಂತೂ ತರುವಂತೆಯೇ ಇಲ್ಲ, ವೇಪ್‌ಗೆ, ಅಂದರೆ ಇ-ಸಿಗರೇಟಿಗೆ, 2024ರ ನವೆಂಬರ್‌ನಿಂದ ನಿಷೇಧ. ಅಪ್ಪನ ಬಿಪಿ, ಶುಗರ್ ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಅದರ ಸ್ಟ್ರಿಪ್‌ನಲ್ಲೇ ಇರಲಿ. ಬರುವಾಗ ಮಗಳ ಜೇಬು ನೋಡಿ. ನನ್ನ ಮಗ ದಡದಲ್ಲಿ ಸಿಕ್ಕಿದ ಹವಳದ ತುಂಡು ಬಚ್ಚಿಟ್ಟುಕೊಂಡಿದ್ದ, ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಕೊನೆಗೆ ನಿಮ್ಮ ಅಪ್ಪನ ಪಾಸ್‌ಪೋರ್ಟ್. ಮಾಲ್ಡೀವ್ಸ್‌ನವರು ಕೇಳುವುದು ಕನಿಷ್ಠ ಒಂದು ತಿಂಗಳ ಅವಧಿ, ಹಾಗಾಗಿ ನಾಲ್ಕು ತಿಂಗಳು ಸಾಕು. ಆದರೆ ಚೆಕ್‌ಇನ್ ಕೌಂಟರ್‌ನಲ್ಲಿ ಕೂತವರಿಗೆ ಆರು ತಿಂಗಳ ಲೆಕ್ಕವೇ ಬಾಯಿಪಾಠ ಆಗಿರುತ್ತದೆ. ಅಲ್ಲಿ ನಿಂತು ವಾದ ಮಾಡುವುದು ಯಾರಿಗೆ ಬೇಕು? ನಿಮಗೆ ಇನ್ನೂ ಒಂದು ತಿಂಗಳು ಟೈಮ್ ಇದೆ. ನಾನಾಗಿದ್ದರೆ ಈ ವಾರವೇ ತತ್ಕಾಲ್‌ನಲ್ಲಿ ರಿನ್ಯೂ ಮಾಡಿಸುತ್ತಿದ್ದೆ. ಹೊಸ ಪಾಸ್‌ಪೋರ್ಟ್ ನಂಬರ್ ಬದಲಾಗುತ್ತದೆ, ಟಿಕೆಟ್‌ನಲ್ಲಿ ಹಳೆಯದು ಹಾಕಿದ್ದರೆ ಅದನ್ನೂ ಸರಿಮಾಡಿಸಿ.