ಉಳಿತಾಯವೆಲ್ಲ ನಿವೇಶನಕ್ಕೇ ಹೋಗಬೇಕೆ?

ಮಾನ್ಯ ಓದುಗರೇ,

ಒಂಬತ್ತು ವರ್ಷ ಕೂಡಿಟ್ಟ ಹಣವನ್ನೆಲ್ಲ ಕೊಟ್ಟು ನಿವೇಶನ ಕೊಂಡು, ಅದನ್ನೇ ಅಡಮಾನವಿಟ್ಟು ಸಾಲ ಪಡೆದು, ಆದಷ್ಟು ಕೆಲಸವನ್ನು ಸ್ವಂತ ಕೈಯಿಂದಲೇ ಮಾಡಿಕೊಂಡು ಮನೆ ಕಟ್ಟಬಹುದೇ ಎಂದು ಕೇಳಿದ್ದೀರಿ. ಒಟ್ಟು ವೆಚ್ಚ 100 ಪಾಲೆಂದುಕೊಂಡರೆ ನಿವೇಶನಕ್ಕೆ 30, ಕಟ್ಟಡಕ್ಕೆ 70, ನಿಮ್ಮ ಕೈಯಲ್ಲಿರುವುದು 30 ಎಂಬ ಲೆಕ್ಕವನ್ನೂ ಕಳುಹಿಸಿದ್ದೀರಿ. ಈ ಲೆಕ್ಕದಲ್ಲಿ ಮುಂದುವರಿದರೆ ನಿವೇಶನವೇನೋ ನಿಮ್ಮದಾಗುತ್ತದೆ; ಮನೆ ಆಗುತ್ತದೆಂಬ ಭರವಸೆ ನಮಗಿಲ್ಲ.

ಕಟ್ಟಡದ ಸಾಲವನ್ನು ಸಾಮಾನ್ಯವಾಗಿ ಒಂದೇ ಗಂಟಾಗಿ ಕೊಡುವುದಿಲ್ಲ. ತಳಪಾಯ, ಲಿಂಟಲ್, ಚಾವಣಿ ಹೀಗೆ ಒಂದೊಂದು ಹಂತ ಮುಗಿದ ಮೇಲೆ, ಸಾಲ ಕೊಟ್ಟವರ ಕಡೆಯ ಎಂಜಿನಿಯರ್ ಬಂದು ನೋಡಿ ಒಪ್ಪಿದ ಮೇಲೆ, ಆ ಹಂತದ ಹಣ ಬಿಡುಗಡೆಯಾಗುತ್ತದೆ. ಅಂದರೆ ಕೆಲಸ ಮೊದಲು, ಹಣ ಆಮೇಲೆ. ತಳಪಾಯ ತೋಡಿಸುವ ದಿನ ಮೇಸ್ತ್ರಿಗೆ, ಸಿಮೆಂಟಿಗೆ, ಕಬ್ಬಿಣಕ್ಕೆ ಕೊಡಬೇಕಾದದ್ದು ನಿಮ್ಮ ಜೇಬಿನಿಂದಲೇ ಬರಬೇಕು. ಆ ಜೇಬು ನಿವೇಶನದ ನೋಂದಣಿಯ ದಿನವೇ ಬರಿದಾಗಿದ್ದರೆ ದುಬಾರಿ ಬಡ್ಡಿಯ ಕೈಸಾಲವೊಂದೇ ದಾರಿ. ಜೊತೆಗೆ, ಕಟ್ಟಡದ ಅಂದಾಜಿನ ಶೇ. 80ರಷ್ಟು ಸಾಲ ಸಿಕ್ಕಿತೆಂದೇ ಇಟ್ಟುಕೊಂಡರೂ ಅದು 56 ಪಾಲು. ಉಳಿದ 14ನ್ನು ಎಲ್ಲಿಂದ ತರುತ್ತೀರೆಂಬುದು ನಿಮ್ಮ ಪತ್ರದಲ್ಲಿಲ್ಲ. ಕೊಂಡ ನಿವೇಶನದ ಬೆಲೆಯನ್ನು ಸಾಲ ಪಡೆಯುವವರ ಸ್ವಂತ ಪಾಲೆಂದು ಒಪ್ಪುವ ಸಾಲದಾತರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಮುಂಗಡ ಕೊಡುವ ಮೊದಲೇ ಈ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನು, ಕಟ್ಟುವ ಅವಧಿಯುದ್ದಕ್ಕೂ ಈಗಿನ ಮನೆಯ ಬಾಡಿಗೆ ನಿಲ್ಲುವುದಿಲ್ಲ, ಬಿಡುಗಡೆಯಾದ ಹಣಕ್ಕೆ ಬಡ್ಡಿಯೂ ಶುರುವಾಗಿರುತ್ತದೆ. ಅನೇಕ ಸಾಲಗಳಲ್ಲಿ ಪೂರ್ತಿ ಹಣ ಬಿಡುಗಡೆಯಾಗುವವರೆಗೆ ಕಟ್ಟುವುದೆಲ್ಲ ಬರೀ ಬಡ್ಡಿ, ಅಸಲು ಒಂದಿಷ್ಟೂ ಇಳಿಯುವುದಿಲ್ಲ. ಆದ್ದರಿಂದ ಕೆಲಸ ಆರು ತಿಂಗಳು ತಡವಾದರೆ ಈ ಎರಡನ್ನೂ ಆರು ತಿಂಗಳು ಹೆಚ್ಚಾಗಿ ಹೊರಬೇಕು. ಸ್ವಂತ ದುಡಿಮೆಯಿಂದ ಉಳಿಸುವ ನಿಮ್ಮ ಯೋಚನೆ ಎಡವುವುದು ಇಲ್ಲಿಯೇ: ಸಂಜೆ ಮತ್ತು ರಜಾದಿನಗಳಲ್ಲಿ ಮಾತ್ರ ನಡೆಯುವ ಕೆಲಸ ಕೂಲಿಯನ್ನು ಉಳಿಸಿದರೂ ತಿಂಗಳುಗಳನ್ನು ತಿನ್ನುತ್ತದೆ. ತಳಪಾಯ, ಚಾವಣಿ, ವಿದ್ಯುತ್ತಿನ ಕೆಲಸಗಳನ್ನು ಬಲ್ಲವರಿಗೇ ಬಿಡಿ. ಬಣ್ಣ ಬಳಿಯುವುದನ್ನು ನೀವೇ ಮಾಡಿಕೊಳ್ಳಬಹುದು. ಆದರೆ ಅದು ಯಾರಿಗಾದರೂ ಬರುವ ಕೆಲಸ ಎಂಬ ನಿಮ್ಮ ಮಾತನ್ನು, ಸ್ವತಃ ಬಳಿದು ಮರುತಿಂಗಳೇ ಬಣ್ಣದವರನ್ನು ಕರೆಸಿದ ನಾನು ಒಪ್ಪಲಾರೆ.

ಹಾಗಾದರೆ ಏನು ಮಾಡಬಹುದು? ನೋಂದಣಿಯ ಖರ್ಚೂ ಸೇರಿ 18 ಪಾಲಿಗೆ ಮೀರದ ಚಿಕ್ಕ ಅಥವಾ ತುಸು ದೂರದ ನಿವೇಶನವನ್ನೂ 40 ಪಾಲಿನ ಮನೆಯನ್ನೂ ಯೋಚಿಸಿ ನೋಡಿ. ಆಗ ಕಟ್ಟಡಕ್ಕೆ ನಿಮ್ಮ ಪಾಲು 8, ಸಾಲ 32, ಕೈಯಲ್ಲಿ ಉಳಿಯುವುದು 4. ಆ ನಾಲ್ಕನ್ನು ಟೈಲ್ಸಿನ ಅಂಗಡಿಯಲ್ಲಿ ಕಳೆಯದೆ ಕಾದಿಡಿ. ಚಾವಣಿ ಬಿದ್ದಾಗ ಮನೆ ಮುಗಿದಂತೆ ಕಂಡರೂ ಗಿಲಾವು, ನೆಲ, ಬಾಗಿಲು, ಕೊಳಾಯಿ, ತಂತಿ ಎಂದು ದೊಡ್ಡ ಖರ್ಚು ಮುಂದೆಯೇ ಇರುತ್ತದೆ. ಮುಂದೆಂದಾದರೂ ಮಹಡಿ ಕಟ್ಟುವ ಆಸೆಯಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ತಳಪಾಯವನ್ನು ಈಗಲೇ ಅದಕ್ಕೆ ತಕ್ಕಂತೆ ಹಾಕಿಸಿ. ಆಮೇಲೆ ಬಲಪಡಿಸುವುದು ಕಷ್ಟ, ದುಬಾರಿ.

ಸಾಲ ಚಿಕ್ಕದಾದರೆ ಅವಧಿಯನ್ನೂ ಮೊಟಕುಗೊಳಿಸಬಹುದು. ವಾರ್ಷಿಕ ಶೇ. 9ರ ಬಡ್ಡಿಯಲ್ಲಿ ಪಡೆದ ಪ್ರತಿ 100ಕ್ಕೆ 20 ವರ್ಷದಲ್ಲಿ ತೀರಿಸುವ ಒಟ್ಟು ಮೊತ್ತ ಸುಮಾರು 216; 15 ವರ್ಷದಲ್ಲಾದರೆ ಸುಮಾರು 183. ತಿಂಗಳ ಕಂತು ಏರುವುದು ಶೇ. 13ರಷ್ಟು ಮಾತ್ರ.

ತಿಂಗಳ ಕೊನೆಯೊಳಗೆ ಪೂರ್ತಿ ಹಣ ಬೇಕೆಂದು ಮಾರುವವರು ಅವಸರಪಡಿಸುತ್ತಿದ್ದಾರೆಂದು ಬರೆದಿದ್ದೀರಿ. ಸಣ್ಣ ಮುಂಗಡ ಕೊಟ್ಟು, ಹಕ್ಕುಪತ್ರಗಳನ್ನು ವಕೀಲರು ಪರಿಶೀಲಿಸಿ ಒಪ್ಪಬೇಕು, ಕಟ್ಟಡದ ಅನುಮತಿಯೂ ಸಾಲದ ಮಂಜೂರಾತಿಯೂ ಸಿಗಬೇಕು, ಇವುಗಳಲ್ಲಿ ಒಂದು ತಪ್ಪಿದರೂ ಮುಂಗಡ ವಾಪಸು ಬರಬೇಕು ಎಂಬ ಕರಾರು ಮಾಡಿಕೊಳ್ಳಲು ಕೇಳಿ. ಅವರು ಒಪ್ಪದಿದ್ದರೆ ಆ ನಿವೇಶನ ಬೇರೆಯವರ ಪಾಲಾಗಲಿ.

ಸಂಪಾದಕ