ಹಿಪ್ನಾಟಿಸಂನಿಂದ ಹೊಟ್ಟೆನೋವು ಹೋಗುತ್ತಾ?

ಪ್ರಶ್ನೆ: ನನಗೆ ಐಬಿಎಸ್ (ಆಗಾಗ ಹೊಟ್ಟೆನೋವು, ಭೇದಿ ಇಲ್ಲವೇ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇದೆ. ಮಾತ್ರೆ ನುಂಗಿ ಸಾಕಾಗಿದೆ. ಡಾಕ್ಟರು ಈಗ ಹಿಪ್ನೋಥೆರಪಿ ಅನ್ನುತ್ತಾರೆ. ಸ್ಟೇಜ್ ಮೇಲೆ ಕೋಳಿ ಥರ ಕೂಗಿಸ್ತಾರಲ್ಲ, ಅದೇನಾ?

ಉತ್ತರ: ಅಲ್ಲ, ಅದು ಸುಮ್ನೆ ತಮಾಷೆ. ಇಲ್ಲಿ ನಿಮಗೆ ಎಚ್ಚರ ಇರುತ್ತದೆ, ಬೇಡ ಅನ್ನಿಸಿದರೆ ಎದ್ದು ಬರಬಹುದು. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಅಲ್ಲಿ ಬೆಚ್ಚಗಾಗುತ್ತಿದೆ, ಕರುಳು ಸಡಿಲವಾಗುತ್ತಿದೆ ಎಂದು ಕಲ್ಪಿಸಿಕೊಳ್ಳಲು ಹೇಳುತ್ತಾರೆ. 1984ರಲ್ಲೇ ಮ್ಯಾಂಚೆಸ್ಟರಿನ ಡಾ. ಪೀಟರ್ ವೋರ್ವೆಲ್ 30 ಐಬಿಎಸ್ ರೋಗಿಗಳಲ್ಲಿ ಇದರ ಫಲ ತೋರಿಸಿದ್ದರು.

ಮಿದುಳಲ್ಲೂ ಇದು ಕಾಣುತ್ತದೆ. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಜನರ ಕೈಯನ್ನು ಬಿಸಿನೀರಲ್ಲಿ ಇರಿಸಿ, ಸಮ್ಮೋಹನದಲ್ಲಿ ‘ಅಷ್ಟೇನೂ ಹಿಂಸೆಯಾಗುತ್ತಿಲ್ಲ’ ಎಂದು ಸೂಚಿಸಿದಾಗ, ನೀರಿನ ಬಿಸಿ ಅಷ್ಟೇ ಇದ್ದರೂ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ತಗ್ಗಿತು! ಆದರೆ ಒಂದೇ ದಿನಕ್ಕೆ ಗುಣ ಅನ್ನುವವರ ಹತ್ತಿರ ಹೋಗಬೇಡಿ. ವಾರಗಟ್ಟಲೆ ಬೇಕು, ಮನೆಯಲ್ಲೂ ದಿನಾ ಅಭ್ಯಾಸ ಮಾಡಬೇಕು.