ಪಕ್ಕವಾದ್ಯದವರು ಯಾರಾದರೇನು?

ಓದುಗರ ಪತ್ರ: ರಾಕ್ ಗಾಯಕ ಓಜಿ ಆಸ್ಬರ್ನ್ ತೀರಿಕೊಂಡಾಗ ನೀವು ಬರೆದ ಲೇಖನದಲ್ಲಿ, ಅವರ ಮೊದಲ ಎರಡು ಸೋಲೋ ಆಲ್ಬಂಗಳ 2002ರ ಮರುಬಿಡುಗಡೆಯಲ್ಲಿ ಮೂಲ ಬಾಸ್ ಗಿಟಾರ್, ಡ್ರಮ್ಸ್ ಅಳಿಸಿ ಬೇರೆಯವರಿಂದ ನುಡಿಸಿ ಸೇರಿಸಿದ್ದಾರೆ, ಅದನ್ನು ಮುಟ್ಟಬೇಡಿ ಎಂದಿದ್ದೀರಿ. ನನ್ನ ಹತ್ತಿರ ಇರುವುದು ಅದೇ ಸಿ.ಡಿ. ಧ್ವನಿ ಚೆನ್ನಾಗಿದೆ. ಹಾಡಿದ್ದು ಓಜಿ, ಗಿಟಾರ್ ರ‍್ಯಾಂಡಿ ರೋಡ್ಸ್. ಹಿಂದೆ ಡ್ರಮ್ಸ್ ಬಾರಿಸಿದವರು ಯಾರಾದರೇನು?
- ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ‘ಯಾರಾದರೇನು’ ಅಂದುಬಿಟ್ಟಿರಲ್ಲ ಸ್ವಾಮಿ! ಇಷ್ಟು ನೇರವಾಗಿ ಕೇಳುವ ಓದುಗರು ಸಿಗುವುದು ಅಪರೂಪ, ಅದಕ್ಕೇ ಉಳಿದ ಪತ್ರಗಳನ್ನು ಬದಿಗಿಟ್ಟು ನಿಮ್ಮದನ್ನು ಎತ್ತಿಕೊಂಡಿದ್ದೇನೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2002ರಲ್ಲಿ ಬಾಸ್ ನುಡಿಸಿದ ರಾಬರ್ಟ್ ಟ್ರುಹಿಯೊ, ಡ್ರಮ್ಸ್ ಬಾರಿಸಿದ ಮೈಕ್ ಬೋರ್ಡಿನ್ ಇಬ್ಬರೂ ಪಳಗಿದ ಕೈಗಳೇ. ಟ್ರುಹಿಯೊ ಮರುವರ್ಷ ಹೆಸರಾಂತ ರಾಕ್ ತಂಡ ಮೆಟಾಲಿಕಾ ಸೇರಿದವರು. ಆಯಿತು, ಇಷ್ಟನ್ನು ಒಪ್ಪಿದೆ.

ಈಗ ನಡೆದದ್ದು ಕೇಳಿ. 1979ರಲ್ಲಿ ತಾವು ಹಾಡುತ್ತಿದ್ದ ತಂಡ ಬ್ಲ್ಯಾಕ್ ಸಬ್ಬತ್‌ನಿಂದ ಹೊರಬಿದ್ದ ಓಜಿಯ ಕಥೆ ಮುಗಿಯಿತೆಂದೇ ಜನ ಅಂದುಕೊಂಡಿದ್ದರು. ಅವರನ್ನು ಎತ್ತಿ ನಿಲ್ಲಿಸಿದ್ದು 1980ರ ‘ಬ್ಲಿಜರ್ಡ್ ಆಫ್ ಓಜ್’, 1981ರ ‘ಡೈರಿ ಆಫ್ ಎ ಮ್ಯಾಡ್‌ಮನ್’. ಎರಡೂ ಧ್ವನಿಮುದ್ರಣವಾದದ್ದು ಇಂಗ್ಲೆಂಡಿನ ಸರ‍್ರೆಯ ರಿಡ್ಜ್ ಫಾರ್ಮ್ ಸ್ಟುಡಿಯೋದಲ್ಲಿ. ಬಾಸ್ ಬಾಬ್ ಡೈಸ್ಲಿ, ಡ್ರಮ್ಸ್ ಲೀ ಕರ್ಸ್‌ಲೇಕ್. ಹಾಡುಗಳ ಸಾಹಿತ್ಯದಲ್ಲೂ ಡೈಸ್ಲಿಯ ಪಾಲು ದೊಡ್ಡದು. ಆದರೆ ಎರಡನೆಯ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಇಬ್ಬರನ್ನೂ ತಂಡದಿಂದ ತೆಗೆದಾಗಿತ್ತು. ಕವರಿನ ಮೇಲೆ ಅಚ್ಚಾದದ್ದು ಒಂದು ಸ್ವರವನ್ನೂ ನುಡಿಸದ ಹೊಸ ಸದಸ್ಯರ ಹೆಸರು. ಮುಂದೆ ಹೆಸರಿಗಾಗಿ, ರಾಯಲ್ಟಿಗಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ. ಆ ಜಗಳದ ನಡುವೆಯೇ ಬಂತು ನಿಮ್ಮ ಕೈಲಿರುವ ಸಿ.ಡಿ. ಮೊದಲು ಹೆಸರು ಹೋಗಿತ್ತು, ಈ ಸಲ ನುಡಿಸಿದ್ದೂ ಹೋಯಿತು.

‘ಡೈರಿ’ಯ ಮೊದಲ ಹಾಡು ‘ಓವರ್ ದಿ ಮೌಂಟನ್’ ಹಾಕಿ. ಅದನ್ನು ಶುರು ಮಾಡುವುದು ಓಜಿಯಲ್ಲ, ರೋಡ್ಸ್ ಕೂಡ ಅಲ್ಲ. ಕರ್ಸ್‌ಲೇಕ್‌ನ ಡ್ರಮ್ಸ್ ಉರುಳಿಕೊಂಡು ಬಂದು ಬಾಗಿಲು ಒದ್ದಮೇಲೆಯೇ ಗಿಟಾರ್ ಒಳಗೆ ಕಾಲಿಡುವುದು. ರೋಡ್ಸ್ ನುಡಿಸಿದ್ದು ಆ ಪೆಟ್ಟಿನ ಜೊತೆ. 1982ರ ಮಾರ್ಚಿನಲ್ಲಿ, ಇಪ್ಪತ್ತೈದರ ವಯಸ್ಸಿಗೆ, ವಿಮಾನ ಅಪಘಾತದಲ್ಲಿ ಆತ ಹೋಗಿಬಿಟ್ಟ. ಇಪ್ಪತ್ತು ವರ್ಷದ ಮೇಲೆ ಬಂದ ಬೋರ್ಡಿನ್ ಎಷ್ಟೇ ಗಟ್ಟಿಗನಾದರೂ ಆ ಗಿಟಾರಿಗೆ ತಾನು ಹೊಂದಿಕೊಳ್ಳಬಹುದಿತ್ತೇ ಹೊರತು, ಆ ಗಿಟಾರ್ ತಿರುಗಿ ಅವನಿಗೆ ಹೊಂದಿಕೊಳ್ಳುವಂತಿರಲಿಲ್ಲ. ಚೆಂಬೈ ಅವರ ಹಳೆಯ ಕಚೇರಿಯ ಧ್ವನಿಮುದ್ರಣದಿಂದ ನಮ್ಮ ಚೌಡಯ್ಯನವರ ಪಿಟೀಲನ್ನು ಅಳಿಸಿ, ಇವತ್ತಿನ ವಿದ್ವಾಂಸರೊಬ್ಬರಿಂದ ನುಡಿಸಿ ಸೇರಿಸಿದರೆ ನೀವು ‘ಯಾರಾದರೇನು’ ಅನ್ನುತ್ತಿದ್ದಿರಾ?

ಅಭಿಮಾನಿಗಳು ಸುಮ್ಮನಿರಲಿಲ್ಲ. 2011ರ ಮರುಬಿಡುಗಡೆಯಲ್ಲಿ ಮೂಲ ನುಡಿಸಾಣಿಕೆ ವಾಪಸು ಬಂತು. ಕೊಳ್ಳುವುದಾದರೆ ಅದನ್ನು ಕೊಳ್ಳಿ. ಕರ್ಸ್‌ಲೇಕ್ ಕ್ಯಾನ್ಸರಿನಿಂದ ನರಳುತ್ತಿದ್ದಾಗ, ಆ ಎರಡು ಆಲ್ಬಂಗಳ ಭರ್ಜರಿ ಮಾರಾಟಕ್ಕೆ ಸಿಗುವ ಪ್ಲಾಟಿನಂ ಡಿಸ್ಕ್‌ಗಳನ್ನು ನನ್ನ ಮನೆಯ ಗೋಡೆಗೆ ಕೊಡಿ ಎಂದು ಓಜಿಯನ್ನು ಕೇಳಿಕೊಂಡರು. ಓಜಿ ಕೊಟ್ಟರು, ಅದು ಅವರ ದೊಡ್ಡತನ. 2020ರಲ್ಲಿ ಕರ್ಸ್‌ಲೇಕ್ ತೀರಿಕೊಂಡರು.

ಮರುಬಿಡುಗಡೆಯೇ ಬೇಡ ಎನ್ನುವ ಮಡಿವಂತಿಕೆ ನನಗಿಲ್ಲ. ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ತಮ್ಮ 1970ರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಅನ್ನು 2001ರಲ್ಲಿ ಮತ್ತೆ ತಂದಾಗ, ಹಳೆಯ ಮಿಕ್ಸಿನ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ್ದರ) ಪ್ರತಿಧ್ವನಿ ಅತಿಯಾಯಿತು ಎಂದು ಅವರೇ ಬರೆದರು. ಆದರೂ ಮೂಲ ಹಾಡುಗಳ ಮಿಕ್ಸಿಗೆ ಕೈ ಹಾಕಲಿಲ್ಲ. ಬೇರೆ ಥರ ಹಾಡಬೇಕೆನಿಸಿದ ‘ಮೈ ಸ್ವೀಟ್ ಲಾರ್ಡ್’ ಅನ್ನು ಹೊಸದಾಗಿ ಮಾಡಿ, ಹೊಸದೆಂದೇ ಹೇಳಿ ಜೊತೆಗಿಟ್ಟರು. ಅವರು ಹೋದಮೇಲೆ, 2021ರಲ್ಲಿ, ಮಗ ಧನಿಯ ಉಸ್ತುವಾರಿಯಲ್ಲಿ ಹೊಸ ಮಿಕ್ಸ್ ಬಂತು. ಅಲ್ಲಿ ಯಾರನ್ನೂ ಒರೆಸಿಹಾಕಲಿಲ್ಲ.

ಪರದೇಶದವರನ್ನು ಬೈದು ಕೈತೊಳೆದುಕೊಳ್ಳುವಷ್ಟು ಸಾಚಾಗಳೇ ನಾವು? ಮೊಬೈಲಿನಲ್ಲಿ ಯಾವುದಾದರೂ ಹಳೆಯ ಕನ್ನಡ ಸಿನಿಮಾ ಹಾಡು ಹಾಕಿ ನೋಡಿ. ಗಾಯಕರು, ಸಂಗೀತ ನಿರ್ದೇಶಕರು, ಪುಣ್ಯವಿದ್ದರೆ ಗೀತರಚನೆಕಾರರು. ಕೊಳಲು ಯಾರದು, ತಬಲಾ ಯಾರದು? ದೇವರೇ ಬಲ್ಲ. ಕಚೇರಿಯ ವಿಮರ್ಶೆಯಲ್ಲೂ ಗಾಯಕರಿಗೆ ಮೂರು ಪ್ಯಾರಾ, ಪಕ್ಕವಾದ್ಯದವರಿಗೆ ‘ಸಮರ್ಥವಾಗಿ ಸಹಕರಿಸಿದರು’ ಎಂಬ ಒಂದು ಸಾಲು. ಪುಟ ತುಂಬಿತೆಂದರೆ ನಮ್ಮ ಉಪಸಂಪಾದಕರ ಕತ್ತರಿ ಮೊದಲು ಹೋಗುವುದು ಆ ಸಾಲಿಗೇ. ಬರುವ ಸಂಚಿಕೆಯಿಂದ ಅದನ್ನು ಮುಟ್ಟಕೂಡದೆಂದು ಹೇಳಿದ್ದೇನೆ. ತಪ್ಪಿದರೆ ಇಷ್ಟೇ ಖಾರವಾಗಿ ಇನ್ನೊಂದು ಪತ್ರ ಬರೆಯಿರಿ.